ರೂಟ್ ಕೆನಾಲ್ ತೊಳೆಯುವ ಕೆಲಸ: ಹೈಪೋ, ಇಡಿಟಿಎ, ತ್ರಿಫಲಾ – ಯಾವುದು, ಯಾವಾಗ, ಎಷ್ಟು

ಎರಡು ಚಿಕ್ಕ ಗಾಜಿನ ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ 5% ಸೋಡಿಯಂ ಹೈಪೋಕ್ಲೋರೈಟ್ (ಹೈಪೋ), ಇನ್ನೊಂದಕ್ಕೆ ಸೋಸಿದ ತ್ರಿಫಲಾ ಕಷಾಯ ಹಾಕಿ. ಕಿತ್ತ ಹಲ್ಲಿನಿಂದ ಈಗಷ್ಟೇ ತೆಗೆದ ತಿರುಳಿನ ಒಂದೊಂದು ಎಳೆಯನ್ನು ಎರಡರಲ್ಲೂ ಬಿಡಿ. ಹೈಪೋ ಬಟ್ಟಲಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಎಳೆಯ ಅಂಚು ಮಸುಕಾಗುತ್ತದೆ, ನೋಡನೋಡುತ್ತಿದ್ದಂತೆ ಸವೆಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹುಡುಕಿದರೂ ಸಿಗುವುದಿಲ್ಲ. ತ್ರಿಫಲಾ ಬಟ್ಟಲಿನ ಎಳೆ ಮರುದಿನವೂ ಅಲ್ಲೇ ಇರುತ್ತದೆ, ಮೈಗೆಲ್ಲ ಕಂದು ಬಣ್ಣ ಹತ್ತಿಸಿಕೊಂಡು.

'ಹರ್ಬಲ್ ಒಳ್ಳೆಯದಾ, ಕೆಮಿಕಲ್ ಒಳ್ಳೆಯದಾ' ಎಂದು ಕೇಳುವ ಪ್ರತಿ ವಿದ್ಯಾರ್ಥಿಗೂ ನಾನು ಮೊದಲು ಇದನ್ನೇ ತೋರಿಸುತ್ತೇನೆ. ಕಷಾಯಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಲ್ಲ ಎಂದಲ್ಲ, ಇದೆ. ಆದರೆ ಹಲ್ಲಿನ ಬೇರಿನೊಳಗೆ ಕೊಲ್ಲುವುದು ಅರ್ಧ ಕೆಲಸ ಮಾತ್ರ. ಸತ್ತದ್ದನ್ನೂ ಕೊಳೆತದ್ದನ್ನೂ ಕರಗಿಸಿ ಹೊರಗೆ ತರುವವರು ಯಾರು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನದನ್ನು ಓದಿ.

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಬೇರಿನ ನಾಳ ತೊಳೆಯುವ ಬಗ್ಗೆ ಇರುವ ಈ ಬರಹ ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ, ಹೊಸದಾಗಿ ಕ್ಲಿನಿಕ್ ನಡೆಸುತ್ತಿರುವವರಿಗೆ ಬರೆದದ್ದು. ಚಿಕಿತ್ಸೆ ಮಾಡಿಸಿಕೊಳ್ಳುವವರೂ ಧಾರಾಳವಾಗಿ ಓದಬಹುದು. ಮನೆಯಲ್ಲಿ ಪ್ರಯೋಗ ಮಾತ್ರ ಬೇಡ.

ಫೈಲ್ ಇದ್ದರೂ ನೀರಾಟ ಯಾಕೆ?

ಬೇರಿನ ನಾಳ ಎಂದರೆ ದುಂಡನೆಯ ಕೊಳವೆ ಎಂದು ಪುಸ್ತಕದ ಚಿತ್ರ ನೋಡಿದವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಚಪ್ಪಟೆ, ಡೊಂಕು, ಪಕ್ಕದ ನಾಳದ ಜೊತೆ ಸೇರುವ ಸಂದಿಗಳು ಬೇರೆ, ತುದಿಯಲ್ಲಿ ಕವಲುಗಳು. ನಾವು ಹಾಕುವ ಫೈಲ್, ಅಂದರೆ ನಾಳ ಉಜ್ಜುವ ಸಣ್ಣ ಅರ, ದುಂಡಗೆ ತಿರುಗುತ್ತದೆ. 2001ರಲ್ಲಿ ಮೈಕ್ರೋ ಸಿಟಿ ಸ್ಕ್ಯಾನ್ ಇಟ್ಟುಕೊಂಡು ಅಳೆದಾಗ, ಯಾವ ಬಗೆಯ ಫೈಲ್ ಬಳಸಿದರೂ ನಾಳದ ಗೋಡೆಯ 35% ಅಥವಾ ಅದಕ್ಕಿಂತ ಜಾಸ್ತಿ ಭಾಗವನ್ನು ಅದು ಮುಟ್ಟಿರಲೇ ಇಲ್ಲ. ಆ ಭಾಗಕ್ಕೆ ತಲುಪುವುದು ದ್ರವ ಮಾತ್ರ.

ಬ್ಯಾಕ್ಟೀರಿಯಾ ಅಷ್ಟು ಮುಖ್ಯವಾ ಎಂದು ಕೇಳುವವರಿಗೆ 1965ರ ಇಲಿಗಳ ಪ್ರಯೋಗವೇ ಉತ್ತರ. ಸಾಮಾನ್ಯ ಇಲಿಗಳ ಹಲ್ಲಿನ ತಿರುಳು ತೆರೆದಿಟ್ಟಾಗ ಅದು ಸತ್ತು, ಬೇರಿನ ತುದಿಯಲ್ಲಿ ಕೀವುಗಟ್ಟಿತು. ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ಹಾಗೆಯೇ ತೆರೆದಿಟ್ಟರೂ, ಆಹಾರ ಒಳಗೆ ತುಂಬಿಕೊಂಡರೂ, ತಿರುಳು ಬದುಕಿತು. ಮೇಲೆ ಹೊಸ ಡೆಂಟಿನ್ (ತಿರುಳಿನ ಸುತ್ತಲಿನ ಗಟ್ಟಿ ಪದರ) ಕಟ್ಟಿಕೊಂಡಿತು ಕೂಡ.

ಮೂರು ಕೆಲಸ, ಯಾರು ಯಾವುದನ್ನು ಮಾಡುತ್ತಾರೆ

ನಾಳದೊಳಗೆ ದ್ರವ ಮಾಡಬೇಕಾದ ಕೆಲಸ ಮೂರು. ಬ್ಯಾಕ್ಟೀರಿಯಾ ಕೊಲ್ಲಬೇಕು. ತಿರುಳಿನ ಚೂರುಗಳನ್ನು ಕರಗಿಸಬೇಕು. ಫೈಲ್ ಉಜ್ಜಿದಾಗ ಗೋಡೆಗೆ ಮೆತ್ತಿಕೊಳ್ಳುವ ಪುಡಿಯ ಪದರ, ಅಂದರೆ ಸ್ಮಿಯರ್ ಲೇಯರ್, ಅದನ್ನು ತೆಗೆಯಬೇಕು. ಈ ಪದರ 1–2 ಮೈಕ್ರಾನ್ ದಪ್ಪ ಅಷ್ಟೇ. ಆದರೆ ಡೆಂಟಿನ್ನಿನ ಸಣ್ಣ ರಂಧ್ರಗಳಿಗೆ ಬಿರಡೆ ಹಾಕಿದ ಹಾಗೆ ಕೂತು, ಒಳಗಿರುವ ಬ್ಯಾಕ್ಟೀರಿಯಾಗೆ ಬಾಗಿಲು ಮುಚ್ಚಿಕೊಡುತ್ತದೆ.

*ಸೋಡಿಯಂ ಹೈಪೋಕ್ಲೋರೈಟ್*, ನಮ್ಮ ಬಾಯಲ್ಲಿ ಹೈಪೋ. ಮೊದಲ ಎರಡೂ ಕೆಲಸ ಇದರದ್ದು. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಹೆನ್ರಿ ಡೇಕಿನ್ ಸೈನಿಕರ ಗಾಯ ತೊಳೆಯಲು 0.5% ದ್ರಾವಣ ಬಳಕೆಗೆ ತಂದರು. ಅಲ್ಲಿಂದ ಹಲ್ಲಿಗೆ ಬಂತು. ಇವತ್ತು 0.5%ನಿಂದ 6%ವರೆಗೂ ಬಳಸುತ್ತಾರೆ. ನನ್ನ ಕೈ ಹೋಗುವುದು 2.5–3%ಕ್ಕೆ. ಕಡಿಮೆ ತೀವ್ರತೆಯದ್ದಾದರೆ ಜಾಸ್ತಿ ಪ್ರಮಾಣ, ಜಾಸ್ತಿ ಹೊತ್ತು ಬೇಕು. ಜಾಸ್ತಿ ತೀವ್ರತೆಯದ್ದು ಚುರುಕಾಗಿ ಕರಗಿಸುತ್ತದೆ, ಆದರೆ ತಪ್ಪಿ ಬೇರಿನಾಚೆ ಹೋದರೆ ಸುಡುವುದೂ ಅಷ್ಟೇ ಚುರುಕು. ಸ್ಮಿಯರ್ ಲೇಯರ್ ಮುಂದೆ ಮಾತ್ರ ಹೈಪೋ ಆಟ ನಡೆಯುವುದಿಲ್ಲ.

*ಇಡಿಟಿಎ, 17%.* ಕ್ಯಾಲ್ಸಿಯಂ ಹಿಡಿದೆಳೆದು ಸ್ಮಿಯರ್ ಲೇಯರಿನ ಖನಿಜ ಭಾಗ ತೆಗೆಯುತ್ತದೆ. 1957ರಿಂದ ಬಳಕೆಯಲ್ಲಿದೆ. ಕೊಲ್ಲುವ ಶಕ್ತಿ ಅಷ್ಟಕ್ಕಷ್ಟೇ.

*ಕ್ಲೋರ್‌ಹೆಕ್ಸಿಡಿನ್, 2%.* ಚೆನ್ನಾಗಿ ಕೊಲ್ಲುತ್ತದೆ, ಗೋಡೆಗೆ ಅಂಟಿಕೊಂಡು ಕೆಲವು ದಿನ ಕೆಲಸ ಮುಂದುವರಿಸುತ್ತದೆ. ಕರಗಿಸುವುದಿಲ್ಲ. ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಮೊದಲೇ ಕೇಳಿಕೊಳ್ಳಿ.

*ಸಲೈನ್.* ಕೊಲ್ಲುವುದೂ ಇಲ್ಲ, ಕರಗಿಸುವುದೂ ಇಲ್ಲ. ಎರಡು ಔಷಧಿಗಳ ನಡುವೆ ನಿಂತು ಜಗಳ ಬಿಡಿಸುತ್ತದೆ. ಅದೇನು ಸಣ್ಣ ಕೆಲಸವಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

*ತ್ರಿಫಲಾ, ಗ್ರೀನ್ ಟೀ, ಬೇವು ಇತ್ಯಾದಿ.* ಮೊದಲ ಕೆಲಸ ಸ್ವಲ್ಪ ಮಟ್ಟಿಗೆ ಮಾಡುತ್ತವೆ. ಎರಡನೆಯದು ಇವುಗಳಿಂದ ಆಗುವುದಿಲ್ಲ. ಮೂರನೆಯದಕ್ಕೂ ಇವನ್ನು ನಂಬಿ ಕೂರುವಂತಿಲ್ಲ.

ಹೆಜ್ಜೆ 1: ಬಾಟಲಿಯಿಂದ ಶುರು ಮಾಡಿ

ಹೈಪೋ ಜೀವಂತ ವಸ್ತುವಿನ ಹಾಗೆ, ಇಟ್ಟಲ್ಲೇ ಸೊರಗುತ್ತದೆ. ಬೆಳಕು, ಬಿಸಿ, ತೆರೆದ ಮುಚ್ಚಳ – ಮೂರೂ ಅದಕ್ಕಾಗುವುದಿಲ್ಲ. ಕಪ್ಪು ಅಥವಾ ಕಂದು ಬಾಟಲಿಯಲ್ಲಿ, ತಂಪಾದ ಜಾಗದಲ್ಲಿ ಇಡಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಲ್ಲಿ ಬರೆಯಿರಿ. ದಿನದ ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಬಟ್ಟೆ ಒಗೆಯುವ, ನೆಲ ಒರೆಸುವ ಬ್ಲೀಚ್ ಬೇಡವೇ ಬೇಡ. ಅದರಲ್ಲಿ ಸುವಾಸನೆ, ಸೋಪಿನಂಥ ಬೇರೆ ಏನೇನೋ ಇರುತ್ತದೆ, ತೀವ್ರತೆ ಎಷ್ಟೆಂಬುದಕ್ಕೂ ಖಾತ್ರಿಯಿಲ್ಲ.

ತೆಳು ಮಾಡಬೇಕಾದರೆ ಡಿಸ್ಟಿಲ್ಡ್ ವಾಟರ್ ಬಳಸಿ. ಲೆಕ್ಕ ಸುಲಭ. 5%ದ್ದನ್ನು 2.5% ಮಾಡಲು ಒಂದು ಪಾಲು ಹೈಪೋಗೆ ಒಂದು ಪಾಲು ನೀರು. 5%ದ್ದನ್ನು 1% ಮಾಡಲು ಒಂದಕ್ಕೆ ನಾಲ್ಕು. 3%ದ್ದನ್ನು 1% ಮಾಡಲು ಒಂದಕ್ಕೆ ಎರಡು. ತೆಳು ಮಾಡುವುದಾದರೆ ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಸಿರಿಂಜ್‌ಗಳಿಗೆ ಬಣ್ಣದ ಟೇಪ್ ಅಂಟಿಸಿ, ಹೆಸರು ಬರೆಯಿರಿ. ಹೈಪೋ, ಸಲೈನ್, ಇಡಿಟಿಎ, ಅರಿವಳಿಕೆ – ಎಲ್ಲವೂ ನೋಡಲು ನೀರಿನ ಹಾಗೇ ಇರುತ್ತವೆ. ಅರಿವಳಿಕೆ ಎಂದುಕೊಂಡು ಹೈಪೋವನ್ನು ಒಸಡಿಗೆ ಚುಚ್ಚಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಅರಿವಳಿಕೆಯ ಸಿರಿಂಜ್ ಇರುವ ಟ್ರೇಯಲ್ಲಿ ಹೈಪೋ ಸಿರಿಂಜ್ ಇಡದಿರುವುದೇ ಕ್ಷೇಮ.

ಹೆಜ್ಜೆ 2: ರಬ್ಬರ್ ಡ್ಯಾಮ್, ಕನ್ನಡಕ, ಏಪ್ರನ್

ರಬ್ಬರ್ ಡ್ಯಾಮ್, ಅಂದರೆ ಚಿಕಿತ್ಸೆಯ ಹಲ್ಲನ್ನು ಹೊರಗಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ, ಬಂದದ್ದು 1864ರಲ್ಲಿ. ಇಷ್ಟು ವರ್ಷ ಆದರೂ 'ಟೈಮ್ ಇಲ್ಲ' ಎಂದು ಬಿಡುವವರಿದ್ದಾರೆ. ಅದಿಲ್ಲದೆ ಹೈಪೋ ಮುಟ್ಟಬೇಡಿ ಎನ್ನುವುದು ನನ್ನ ಹಟ. ಡ್ಯಾಮ್ ಹಾಕಿದ ಮೇಲೆ ಹಲ್ಲಿನ ಸುತ್ತ ಮೊದಲು ಸ್ವಲ್ಪ ಸಲೈನ್ ಬಿಟ್ಟು ನೋಡಿ. ಬಾಯೊಳಗೆ ಉಪ್ಪು ರುಚಿ ಬಂತಾ ಎಂದು ಕೇಳಿ, ಬಂದರೆ ಕೈ ಎತ್ತಲು ಹೇಳಿ. ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆ ಸಂದಿ ಮುಚ್ಚಿ. ಉಪ್ಪುನೀರಿನ ಸೋರಿಕೆಯನ್ನು ಸಹಿಸಬಹುದು, ಹೈಪೋದ್ದನ್ನಲ್ಲ.

ಪೇಷೆಂಟ್ ಕಣ್ಣಿಗೆ ಕನ್ನಡಕ ಹಾಕಿ. ಸಿರಿಂಜ್‌ಗಳನ್ನು ಅವರ ಮುಖದ ಮೇಲಿಂದ ದಾಟಿಸಬೇಡಿ. ಏಪ್ರನ್ ದೊಡ್ಡದಿರಲಿ. ಹೊಸ ಕಪ್ಪು ಅಂಗಿಯ ಮೇಲೆ ಒಂದೇ ಒಂದು ಹನಿ ಬಿದ್ದರೂ ಸಾಕು, ಚಿಕಿತ್ಸೆ ಎಷ್ಟು ಚೆನ್ನಾಗಿ ಮಾಡಿದ್ದೀರಿ ಎನ್ನುವುದು ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 3: ಸೂಜಿ

ಎಲ್ಲರೂ ಬಾಟಲಿ ಬಗ್ಗೆ ವಾದ ಮಾಡುತ್ತಾರೆ, ಸೂಜಿ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಅನುಭವದಲ್ಲಿ ಫಲಿತಾಂಶ ಕೆಡುವುದು ಬಹುತೇಕ ಇಲ್ಲೇ.

ಸೂಜಿಯ ತುದಿಯಿಂದ ದ್ರವ ಮುಂದಕ್ಕೆ ಹೋಗುವುದು ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಪಕ್ಕದಲ್ಲಿ ತೂತಿರುವ ಸೂಜಿಯಾದರೆ ಅದಕ್ಕಿಂತ ಜಾಸ್ತಿ ಹೋಗುವುದು ಅಪರೂಪ. ಹಾಗಾಗಿ ಸೂಜಿಯನ್ನು ನಾಳದ ಬಾಯಲ್ಲಿ ಇಟ್ಟು ಅರ್ಧ ಲೀಟರ್ ಸುರಿದರೂ ಬೇರಿನ ಕೊನೆಯ ಭಾಗ ಒಣಗಿಯೇ ಇರುತ್ತದೆ. ಅಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ. ಕಿರಿದಾದ ಬಾಟಲಿಯನ್ನು ತಲೆಕೆಳಗಾಗಿ ನೀರಿಗೆ ಅದ್ದಿದರೆ ನೀರು ಒಳಗೆ ಹೋಗುವುದಿಲ್ಲ ಅಲ್ವಾ, ಹಾಗೆ.

ಆಯ್ಕೆ ಹೀಗಿರಲಿ: 30 ಗೇಜ್, ಪಕ್ಕದಲ್ಲಿ ತೂತು, ತುದಿ ಮುಚ್ಚಿದ ಸೂಜಿ. ಅದರ ದಪ್ಪ ಸುಮಾರು 0.3 ಮಿ.ಮೀ. 27 ಗೇಜ್ ಸುಮಾರು 0.4 ಮಿ.ಮೀ. ಈಗ ನಿಮ್ಮ ನಾಳ ಎಷ್ಟು ಅಗಲವಾಗಿದೆ ಎಂದು ಲೆಕ್ಕ ಹಾಕಿ. ತುದಿಯಲ್ಲಿ 25ನೇ ಸೈಜಿನ, 6% ಟೇಪರ್ ಫೈಲ್ (ತುದಿ 0.25 ಮಿ.ಮೀ., ಮೇಲಕ್ಕೆ ಪ್ರತಿ ಮಿ.ಮೀ.ಗೆ 0.06 ಅಗಲವಾಗುವಂಥದ್ದು) ಮುಗಿಸಿದ್ದರೆ, ತುದಿಯಿಂದ 2 ಮಿ.ಮೀ. ಮೇಲೆ ಅಗಲ 0.37 ಮಿ.ಮೀ. 30 ಗೇಜ್ ಸೂಜಿ ಅಲ್ಲಿಗೆ ಇಳಿಯುತ್ತದೆ, 27 ಇಳಿಯುವುದಿಲ್ಲ. ಈ ಸಣ್ಣ ಲೆಕ್ಕ ಮಾಡದೆ 'ಚೆನ್ನಾಗಿ ತೊಳೆದೆ' ಎನ್ನುವುದು ಸುಮ್ನೆ ಸಮಾಧಾನ.

ಈಗ ಕೈಯ ಕೆಲಸ. ಸೂಜಿಗೆ ರಬ್ಬರ್ ಸ್ಟಾಪರ್ ಹಾಕಿ, ವರ್ಕಿಂಗ್ ಲೆಂತ್‌ಗಿಂತ (ಫೈಲ್ ಇಳಿಯಬೇಕಾದ ನಾಳದ ಉದ್ದ) 2 ಮಿ.ಮೀ. ಕಡಿಮೆಗೆ ನಿಲ್ಲಿಸಿ. ಉದ್ದ 21 ಇದ್ದರೆ ಸ್ಟಾಪರ್ 19ಕ್ಕೆ. ಸಿರಿಂಜ್ ಲ್ಯೂಯರ್ ಲಾಕ್ (ಸೂಜಿಯನ್ನು ತಿರುಗಿಸಿ ಬಿಗಿಯುವ ಬಾಯಿ) ಇರುವುದೇ ಆಗಲಿ, ಇಲ್ಲದಿದ್ದರೆ ಒತ್ತಡಕ್ಕೆ ಸೂಜಿ ಕಳಚಿ ಹೈಪೋ ಸಿಡಿಯುತ್ತದೆ. 5 ಮಿ.ಲೀ. ಸಿರಿಂಜ್ ಸಾಕು. ಹೆಬ್ಬೆರಳಿನ ಬದಲು ತೋರುಬೆರಳಿನಲ್ಲಿ ಒತ್ತಿ. ತೋರುಬೆರಳಿಗೆ ಅಷ್ಟು ಬಲವಿಲ್ಲ, ಇಲ್ಲಿ ಬೇಕಾದದ್ದೂ ಅದೇ. 5 ಮಿ.ಲೀ. ಖಾಲಿಯಾಗಲು ಕನಿಷ್ಠ ಒಂದು ನಿಮಿಷ ಹಿಡಿಯಬೇಕು. ಒತ್ತುವಷ್ಟು ಹೊತ್ತೂ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಎಲ್ಲಾದರೂ ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ ಒತ್ತುವುದನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತೆಗೆಯಿರಿ. ಸಿಕ್ಕಿಕೊಂಡ ಸೂಜಿ, ಜೋರು ಒತ್ತಡ – ಹೈಪೋ ಬೇರಿನಾಚೆ ನುಗ್ಗುವುದು ಹೆಚ್ಚಾಗಿ ಈ ಎರಡು ಸೇರಿದಾಗ. ನಾಳದ ಬಾಯಿಂದ ದ್ರವ ವಾಪಸ್ ಉಕ್ಕಿ ಬರುತ್ತಿರುವುದು ಕಣ್ಣಿಗೆ ಕಾಣುತ್ತಿರಬೇಕು. ಬರುತ್ತಿಲ್ಲ ಎಂದರೆ ಅದು ಬೇರೆ ಎಲ್ಲಿಗೋ ಹೋಗುತ್ತಿದೆ.

ಹೆಜ್ಜೆ 4: ಕ್ರಮ

ನಾಳದ ಬಾಯಿ ತೆರೆದ ಗಳಿಗೆಯಿಂದಲೇ ಹೈಪೋ ತುಂಬಿರಲಿ. ಒಣ ನಾಳದಲ್ಲಿ ಫೈಲ್ ಆಡಿಸಬೇಡಿ. ಪ್ರತಿ ಫೈಲ್ ಬದಲಾಯಿಸುವಾಗ 1–2 ಮಿ.ಲೀ. ಹೊಸ ಹೈಪೋ ಬಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ: ತಿರುಳು, ಕೀವು, ಡೆಂಟಿನ್ ಪುಡಿ ಸಿಕ್ಕ ಕೂಡಲೇ ಹೈಪೋದ ಕ್ಲೋರಿನ್ ಖರ್ಚಾಗಿಬಿಡುತ್ತದೆ. ಒಳಗೆ ನಿಂತ ಹೈಪೋ ಕೆಲವೇ ನಿಮಿಷದಲ್ಲಿ ಬರೀ ಉಪ್ಪುನೀರಿನ ಮಟ್ಟಕ್ಕೆ ಬರುತ್ತದೆ. ಒಂದೇ ಸಲ ಬಿಟ್ಟು ಬಹಳ ಹೊತ್ತು ಕಾಯುವುದಕ್ಕಿಂತ ಆಗಾಗ ಹೊಸದು ಬಿಡುವುದು ಮೇಲು.

ಫೈಲ್ ಕೆಲಸ ಮುಗಿದ ಮೇಲೆ ದ್ರವ ಅಲುಗಾಡಿಸುವ ಸರದಿ. ಅಲ್ಟ್ರಾಸೋನಿಕ್ ತುದಿ ಇದ್ದರೆ ಅದನ್ನು ಗೋಡೆಗೆ ತಾಗಿಸದೆ, ನಾಳದ ತುದಿಯಿಂದ 2 ಮಿ.ಮೀ. ಮೇಲೆ ಹಿಡಿದು 20 ಸೆಕೆಂಡ್ ಓಡಿಸಿ. ಹೊಸ ಹೈಪೋ ತುಂಬಿ, ಮತ್ತೆ 20 ಸೆಕೆಂಡ್. ಹೀಗೆ ಮೂರು ಸಲ. ಅದಿಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನಾಳಕ್ಕೆ ಸರಿಯಾಗಿ ಕೂರುವ ಗಟ್ಟಾ ಪರ್ಚಾ ಕೋನ್ (ಕೊನೆಗೆ ನಾಳ ತುಂಬಲು ಬಳಸುವ ರಬ್ಬರಿನಂಥ ಕಡ್ಡಿ) ಒಂದನ್ನು ಹಾಕಿ, 2–3 ಮಿ.ಮೀ. ಅಂತರದಲ್ಲಿ ಮೇಲೆ ಕೆಳಗೆ ಪಂಪ್ ಮಾಡಿ, ನಿಮಿಷಕ್ಕೆ ಸುಮಾರು 100 ಸಲ. ಸಿಕ್ಕಿಕೊಂಡ ಗಾಳಿ ಒಡೆಯುತ್ತದೆ, ದ್ರವ ಸಂದಿಗೆ ನುಗ್ಗುತ್ತದೆ. ಖರ್ಚಿಲ್ಲದ ಉಪಾಯ, ಮಾಡುವವರು ಮಾತ್ರ ಕಡಿಮೆ.

ಬಿಸಿ ಮಾಡಬಹುದಾ? ಮಾಡಬಹುದು. 45 ಡಿಗ್ರಿ ಸೆಲ್ಸಿಯಸ್‌ನ 1% ಹೈಪೋ, 20 ಡಿಗ್ರಿಯ 5.25% ಹೈಪೋದಷ್ಟೇ ಚೆನ್ನಾಗಿ ತಿರುಳು ಕರಗಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ನಾಳಕ್ಕೆ ಹೋದ ಕೂಡಲೇ ಅದು ಮೈ ಬಿಸಿಗೆ ಇಳಿಯುತ್ತದೆ. ಬಿಸಿ ನೀರಿನ ಬಟ್ಟಲಲ್ಲಿ ಸಿರಿಂಜನ್ನು ಬಳಸುವ ಮುಂಚೆ ಮಾತ್ರ ಇಡಿ, ಇಡೀ ದಿನ ಬಿಸಿಯಲ್ಲಿಟ್ಟರೆ ಸತ್ವ ಹೋಗುತ್ತದೆ.

ಆಮೇಲೆ ನಾಳದ ಹೈಪೋವನ್ನು ಸಲೈನ್‌ನಿಂದ ತೊಳೆದು, ಪೇಪರ್ ಪಾಯಿಂಟ್‌ನಲ್ಲಿ (ಚೂಪಾದ ಕಾಗದದ ಕಡ್ಡಿ) ಹೀರಿಸಿ. ಈಗ 17% ಇಡಿಟಿಎ, ಒಂದು ನಿಮಿಷ. ಗಡಿಯಾರ ನೋಡಿಯೇ ಮಾಡಿ. 'ಇನ್ನೂ ಸ್ವಲ್ಪ ಹೊತ್ತು ಇರಲಿ' ಎಂದು 10 ನಿಮಿಷ ಬಿಟ್ಟರೆ ಡೆಂಟಿನ್ನೇ ಕೊರೆದುಹೋಗುತ್ತದೆ. ಮತ್ತೆ ಸಲೈನ್.

ಕೊನೆಯ ತೊಳೆತಕ್ಕೆ ದಾರಿ ಕೆಲವಿವೆ. ಸ್ವಲ್ಪ ಹೊತ್ತು ಹೈಪೋ ಬಿಡುವುದು ಒಂದು. ಈಗಷ್ಟೇ ತೆರೆದುಕೊಂಡ ರಂಧ್ರಗಳಿಗೆ ಅದು ಇಳಿಯುತ್ತದೆ, ಆದರೆ ಇಡಿಟಿಎ ಆದ ಮೇಲೆ ಹೈಪೋ ಜಾಸ್ತಿ ಹೊತ್ತು ಇದ್ದರೆ ಗೋಡೆ ಸವೆಯುತ್ತದೆ. ಹಳೆಯ ರೂಟ್ ಕೆನಾಲ್ ಕೆಟ್ಟು ಮತ್ತೆ ಮಾಡುತ್ತಿದ್ದರೆ ನಾನು 2% ಕ್ಲೋರ್‌ಹೆಕ್ಸಿಡಿನ್ ಕಡೆ ವಾಲುತ್ತೇನೆ. ಗಿಡಮೂಲಿಕೆಗೆ ಜಾಗ ಅಂತ ಇದ್ದರೆ ಅದೂ ಇಲ್ಲೇ, ಈ ಕೊನೆಯ ಸರದಿಯಲ್ಲಿ.

ಯಾವುದನ್ನು ಯಾವುದಕ್ಕೆ ಬೆರೆಸಬಾರದು

ಓದುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಕೊನೆಯ ಪೇಷೆಂಟ್. ಹೈಪೋ ಮುಗಿಸಿದವನು ಸಲೈನ್ ಮರೆತು ನೇರ ಕ್ಲೋರ್‌ಹೆಕ್ಸಿಡಿನ್ ಬಿಟ್ಟೆ. ಪೇಪರ್ ಪಾಯಿಂಟ್ ಹಾಕಿ ತೆಗೆದರೆ ತುದಿ ಇಟ್ಟಿಗೆ ಬಣ್ಣ. ರಕ್ತ ಅಂದುಕೊಂಡು ಮತ್ತಷ್ಟು ಕ್ಲೋರ್‌ಹೆಕ್ಸಿಡಿನ್ ಬಿಟ್ಟೆ, ಬಣ್ಣ ಇನ್ನೂ ಗಾಢವಾಯಿತು. ಮೇಷ್ಟ್ರು ಬಂದು ನೋಡಿದರು, ಏನೂ ಬೈಯಲಿಲ್ಲ. ಗಾಜಿನ ಚಪ್ಪಡಿ ಮೇಲೆ ಎರಡರದ್ದೂ ಒಂದೊಂದು ಹನಿ ಹಾಕಿ, ಸೂಜಿಯಿಂದ ಸೇರಿಸಿ ತೋರಿಸಿದರು. ಸೇರಿದ ಕ್ಷಣಕ್ಕೆ ಕಿತ್ತಳೆ–ಕಂದು ಗಸಿ. ಅದು ರಂಧ್ರಗಳಿಗೆ ಕೂತು ಮುಚ್ಚುತ್ತದೆ, ಹಲ್ಲಿಗೆ ಬಣ್ಣ ಹಿಡಿಸುತ್ತದೆ, ಒಳಗಿಂದ ತೆಗೆಯುವುದೂ ಕಷ್ಟ. ಅಂದಿನಿಂದ ಸಲೈನ್ ಸಿರಿಂಜ್ ನನ್ನ ಟ್ರೇಯಲ್ಲಿ ಎಲ್ಲಕ್ಕಿಂತ ಮುಂದೆ ಇರುತ್ತದೆ.

ಇಡಿಟಿಎ ಮತ್ತು ಕ್ಲೋರ್‌ಹೆಕ್ಸಿಡಿನ್ ಸೇರಿದರೆ ಬಿಳಿ ಗಸಿ. ಇಡಿಟಿಎ ಮತ್ತು ಹೈಪೋ ಸೇರಿದರೆ ಗಸಿ ಇಲ್ಲ, ಗುಳ್ಳೆ ಮಾತ್ರ. ಆದರೆ ಹೈಪೋದ ಕ್ಲೋರಿನ್ ಬಹುಪಾಲು ಹೋಗಿಬಿಡುತ್ತದೆ. ಗುಳ್ಳೆ ಬಂತು, ಕೆಲಸ ಆಗ್ತಿದೆ ಎಂದು ಖುಷಿಪಡುವವರು ಇದನ್ನು ನೆನಪಿಡಬೇಕು.

ಹೈಪೋ ಮತ್ತು ಗಿಡಮೂಲಿಕೆ? ಇವೂ ಜೊತೆಗೆ ಬಾಳುವುದಿಲ್ಲ. ಹೈಪೋ ಆಕ್ಸಿಡೈಸ್ ಮಾಡುವ ವಸ್ತು. ತ್ರಿಫಲಾ, ಗ್ರೀನ್ ಟೀಗಳ ಶಕ್ತಿಯೆಲ್ಲ ಅವುಗಳ ಆಂಟಿಆಕ್ಸಿಡೆಂಟ್ ಪಾಲಿಫಿನಾಲ್‌ಗಳಲ್ಲಿದೆ. ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ನಡುವೆ ಸಲೈನ್ ಇಲ್ಲಿಯೂ ಬೇಕು.

ಈಗ ಗಿಡಮೂಲಿಕೆ: ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ

ತ್ರಿಫಲಾ ಎಂದರೆ ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ. ಮೂರೂ ಒಗರು. ಆ ಒಗರು ಟ್ಯಾನಿನ್‌ನದ್ದು. ಟ್ಯಾನಿನ್ ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೆಲ್ಲಿಕಾಯಿ ಜಗಿದರೆ ಬಾಯಿ ಒಣಗಿ ಬಿಗಿದ ಹಾಗೆ ಆಗುವುದು ಅದಕ್ಕೇ. ಚರ್ಮ ಹದ ಮಾಡಲು ಅಳಲೆಕಾಯಿ ಬಳಸುತ್ತಿದ್ದುದೂ ಇದೇ ಗುಣಕ್ಕೆ. ಬ್ಯಾಕ್ಟೀರಿಯಾದ ಪ್ರೋಟೀನನ್ನು ಹಿಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ತಿರುಳಿನ ಪ್ರೋಟೀನನ್ನು ಹಿಡಿದರೆ? ತಿರುಳು ಹದವಾಗುತ್ತದೆ, ಕರಗುವುದಿಲ್ಲ. ಮೊದಲು ಹೇಳಿದ ಬಟ್ಟಲಿನ ಗುಟ್ಟು ಇಷ್ಟೇ. ಆದ್ದರಿಂದ ಹೈಪೋಗೂ ಮೊದಲು ತ್ರಿಫಲಾ ಬಿಡುವುದು ನನ್ನ ಪ್ರಕಾರ ಕ್ರಮವನ್ನೇ ತಲೆಕೆಳಗು ಮಾಡಿದ ಹಾಗೆ.

ಗ್ರೀನ್ ಟೀ ಪಾಲಿಫಿನಾಲ್, ಬೇವಿನ ಎಲೆಯ ಸಾರ, ನೋನಿ ಹಣ್ಣಿನ ರಸ, ಲೋಳೆಸರ, ಜೇನುಹುಳು ಕಟ್ಟುವ ಪ್ರೊಪೊಲಿಸ್ – ಪಟ್ಟಿ ಉದ್ದ ಇದೆ. ಪ್ರೊಪೊಲಿಸ್ ಗಿಡದ್ದೂ ಅಲ್ಲ, ಪೂರ್ತಿ ಹುಳುವಿನದ್ದೂ ಅಲ್ಲ. ಜೇನಿನ ಉತ್ಪನ್ನಗಳಿಗೆ ಅಲರ್ಜಿ ಇರುವವರಿಗೆ ಬೇಡ. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಮೇಲಾಗಿ ಹಳದಿ ಹತ್ತಿಸುತ್ತದೆ. ಅದನ್ನು ನೀಲಿ ಬೆಳಕಿನ ಜೊತೆ ಬಳಸಿ ಬ್ಯಾಕ್ಟೀರಿಯಾ ಕೊಲ್ಲುವ ಪ್ರಯತ್ನ ಮಾತ್ರ ಕುತೂಹಲದ್ದು.

ಈ ವಿಷಯದಲ್ಲಿ ಬಹಳ ಜನ ಎತ್ತಿ ಹೇಳುವ ಅಧ್ಯಯನ 2010ರದ್ದು. ಹಲ್ಲಿನ ಮೇಲೆ ಬೆಳೆಸಿದ ಎಂಟೆರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಬೆಳೆದ ಪದರ) ಮೇಲೆ ತ್ರಿಫಲಾ, ಗ್ರೀನ್ ಟೀ, ಎಂಟಿಎಡಿ (ಆಂಟಿಬಯೋಟಿಕ್ ಬೆರೆತ ತೊಳೆಯುವ ದ್ರವ) ಮತ್ತು 5% ಹೈಪೋ ಪರೀಕ್ಷಿಸಿದರು. ಗಿಡಮೂಲಿಕೆಗಳು ಚೆನ್ನಾಗಿಯೇ ಕೆಲಸ ಮಾಡಿದವು. ಎಲ್ಲಕ್ಕಿಂತ ಮುಂದೆ ನಿಂತದ್ದು ಹೈಪೋ. ಮೊದಲ ಸಾಲು ಎಲ್ಲ ಕಡೆ ಓಡಾಡುತ್ತದೆ, ಎರಡನೆಯದು ಯಾಕೋ ಹಿಂದೆ ಉಳಿಯುತ್ತದೆ. 2008ರಲ್ಲಿ ನೋನಿ ರಸ ಹೈಪೋದಷ್ಟೇ ಚೆನ್ನಾಗಿ ಸ್ಮಿಯರ್ ಲೇಯರ್ ತೆಗೆಯಿತು ಎಂದು ಬಂತು. ಆದರೆ ಎರಡರ ನಂತರವೂ ಇಡಿಟಿಎ ಬಿಟ್ಟಿದ್ದರು. ಸ್ಮಿಯರ್ ಲೇಯರ್ ವಿಷಯದಲ್ಲಿ ಬಹುಪಾಲು ಕೆಲಸ ಯಾರದ್ದಿರಬಹುದು ಎಂದು ನೀವೇ ಊಹಿಸಿ.

ಇಂಥ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ನೋಡುವುದು ಪರೀಕ್ಷೆಯ ಬಗೆಯನ್ನು. ಅಗರ್ ತಟ್ಟೆಯಲ್ಲಿ ಬಿಲ್ಲೆ ಇಟ್ಟು ಸುತ್ತಲಿನ ಖಾಲಿ ವೃತ್ತ ಅಳೆದಿದ್ದರೆ ಜಾಸ್ತಿ ಬೆಲೆ ಕೊಡುವುದಿಲ್ಲ. ಅಲ್ಲಿ ಗೆಲ್ಲುವುದು ಅಗರ್‌ನಲ್ಲಿ ಬೇಗ ಹರಡುವ ವಸ್ತು. ಡೆಂಟಿನ್ ಮೇಲೆ ವಾರಗಟ್ಟಲೆ ಬೆಳೆಸಿದ ಬಯೋಫಿಲ್ಮ್ ಆಗಿದ್ದರೆ ಗಮನ ಕೊಡುತ್ತೇನೆ. ಮುಂದೆ, ಸಾರವನ್ನು ಯಾವುದರಲ್ಲಿ ಕರಗಿಸಿದ್ದಾರೆ? ಆಲ್ಕೋಹಾಲ್ ಅಥವಾ ಡಿಎಂಎಸ್ಓ ಎಂಬ ದ್ರಾವಕ ಆಗಿದ್ದರೆ, ಬರೀ ಅದನ್ನೇ ಹಾಕಿ ಬೇರೆಯಾಗಿ ಪರೀಕ್ಷೆ ಮಾಡಿದ್ದಾರಾ? ಇಲ್ಲದಿದ್ದರೆ ಕೊಂದದ್ದು ಗಿಡವೋ ಆಲ್ಕೋಹಾಲೋ ಹೇಳಲಾಗದು. ಕೊನೆಗೆ, ಜೀವಂತ ಮನುಷ್ಯರ ಹಲ್ಲಲ್ಲಿ ಮಾಡಿದ್ದಾರಾ, ವರ್ಷದ ನಂತರ ಎಕ್ಸ್‌ರೇ ತೆಗೆದು ಬೇರಿನ ತುದಿ ವಾಸಿಯಾದದ್ದು ನೋಡಿದ್ದಾರಾ? ಗಿಡಮೂಲಿಕೆ ಪ್ರಬಂಧಗಳ ದೊಡ್ಡ ರಾಶಿ ಈ ಪ್ರಶ್ನೆಯ ಮುಂದೆ ನಿಂತುಬಿಡುತ್ತದೆ.

ಹಾಗಾದರೆ ಉಪಯೋಗವೇ ಇಲ್ಲವಾ? ಇದೆ, ಒಂದು ಜಾಗದಲ್ಲಂತೂ ನನಗೆ ನಿಜಕ್ಕೂ ಆಸೆ ಇದೆ. ಹೈಪೋ ಬಿಟ್ಟ ಗೋಡೆಗೆ ರೆಸಿನ್ (ಹಲ್ಲಿಗೆ ಅಂಟಿ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ವಸ್ತು) ಸರಿಯಾಗಿ ಅಂಟುವುದಿಲ್ಲ, ಉಳಿದುಕೊಂಡ ಆಮ್ಲಜನಕ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡ ಬರುತ್ತದೆ. ಆಂಟಿಆಕ್ಸಿಡೆಂಟ್ ಬಿಟ್ಟರೆ ಆ ಅಂಟು ಮರಳುತ್ತದೆ ಎಂದು ದ್ರಾಕ್ಷಿ ಬೀಜದ ಸಾರ, ಗ್ರೀನ್ ಟೀ, ಸೋಡಿಯಂ ಆಸ್ಕೋರ್ಬೇಟ್‌ಗಳಲ್ಲಿ ಪ್ರಯೋಗಾಲಯ ತೋರಿಸಿದೆ. ಅಂದರೆ ಹೈಪೋಗೆ ಪೈಪೋಟಿಯಾಗಿ ಅಲ್ಲ, ಹೈಪೋ ಬಿಟ್ಟುಹೋದ ತೊಂದರೆ ಸರಿಪಡಿಸಲು. ಇದು ನನಗೆ ಒಪ್ಪುವ ಜೋಡಿ.

ಸಂಶೋಧನೆಗೆಂದು ಗಿಡಮೂಲಿಕೆ ತೊಳೆತ ಮಾಡುವವರಿಗೆ ಕೆಲವು ಮಾತು. ಒಲೆಯ ಮೇಲೆ ಕುದಿಸಿದ ಕಷಾಯವನ್ನು ನೇರ ನಾಳಕ್ಕೆ ಬಿಡಬೇಡಿ. ಪುಡಿಯ ಕಣಗಳು ಸೂಜಿಯಲ್ಲೂ ರಂಧ್ರದಲ್ಲೂ ಸಿಕ್ಕಿಕೊಳ್ಳುತ್ತವೆ, ತಣ್ಣಗಾದ ಕಷಾಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಾರದ ಪ್ರಮಾಣ ತೂಕ ಹಾಕಿ ಬರೆದಿಡಿ, ಪಿಎಚ್ ನೋಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಯಾ ದಿನವೇ ಬಳಸಿ. ಒಂದೇ ಗಿಡದ್ದಾದರೂ ಕಾಲ, ಮಣ್ಣು, ಒಣಗಿಸಿದ ರೀತಿಗೆ ತಕ್ಕಂತೆ ಸತ್ವ ಬದಲಾಗುತ್ತದೆ. ಇಂದಿನ ಕಷಾಯ ನಿನ್ನೆಯದ್ದಲ್ಲ. ಮನುಷ್ಯರ ಮೇಲೆ ಮಾಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ಪೇಷೆಂಟ್ ಬರೆದುಕೊಟ್ಟ ಒಪ್ಪಿಗೆ ಎರಡೂ ಬೇಕು. ಮುಂದಿನ ಹಲ್ಲಾಗಿದ್ದರೆ ಟ್ಯಾನಿನ್ ಬಣ್ಣ ಹಿಡಿಸಬಹುದು ಎಂಬುದನ್ನೂ ಮೊದಲೇ ಹೇಳಿ.

ಹೆಜ್ಜೆ 5: ಎರಡು ಭೇಟಿಯ ನಡುವೆ

ಕೀವು ನಿಲ್ಲದಿದ್ದರೆ, ನಾಳ ಒಣಗದಿದ್ದರೆ ಅಂದೇ ತುಂಬಬೇಡಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಹಾಕಿ ಮುಚ್ಚಿ, ಒಂದೆರಡು ವಾರ ಬಿಡಿ. ಅದರ ಪಿಎಚ್ ಸುಮಾರು 12.5. ಫೀಕಾಲಿಸ್ ಮಾತ್ರ ಅದನ್ನೂ ಸಹಿಸಿಕೊಳ್ಳುವ ಜಾತಿ. ಪೇಸ್ಟ್ ಗೋಡೆಗೆ ತಾಗಿರಬೇಕು, ನಡುವೆ ಉಂಡೆಯಾಗಿ ಕೂತರೆ ಪ್ರಯೋಜನವಿಲ್ಲ. ಮೇಲಿನ ತಾತ್ಕಾಲಿಕ ಸಿಮೆಂಟ್ ಕನಿಷ್ಠ 3–4 ಮಿ.ಮೀ. ದಪ್ಪ ಇರಲಿ, ಇಲ್ಲದಿದ್ದರೆ ಎಂಜಲು ಸೋರಿ ಮಾಡಿದ್ದೆಲ್ಲ ಹಾಳು.

ಬೇರು ಬೆಳೆಯದ ಹಲ್ಲು

ಚಿಕ್ಕ ವಯಸ್ಸಿನವರ ಬೇರಿನ ತುದಿ ತೆರೆದೇ ಇರುತ್ತದೆ. ಅಲ್ಲಿ ತೀವ್ರ ಹೈಪೋ ಬೇಡ. ತಿರುಳಿನ ಜಾಗದಲ್ಲಿ ಹೊಸ ಅಂಗಾಂಶ ಬೆಳೆಸುವ ಚಿಕಿತ್ಸೆಯಾದರೆ 1.5% ಹೈಪೋ, ನಾಳಕ್ಕೆ 20 ಮಿ.ಲೀ., ಐದು ನಿಮಿಷದಲ್ಲಿ ನಿಧಾನವಾಗಿ ಬಿಡುವುದು ರೂಢಿ. ಬೇರಿನ ತುದಿಯಲ್ಲಿ ಬದುಕಿರುವ ಕೋಶಗಳನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಈ ಎಚ್ಚರ.

ಹೈಪೋ ಬೇರಿನಾಚೆ ಹೋದರೆ

ಅರಿವಳಿಕೆ ಕೊಟ್ಟಿದ್ದರೂ ಪೇಷೆಂಟ್ ಥಟ್ಟನೆ ಕಿರುಚುತ್ತಾರೆ. ನಾಳದಿಂದ ಜೋರಾಗಿ ರಕ್ತ ಬರುತ್ತದೆ. ನಿಮಿಷಗಳಲ್ಲೇ ಕೆನ್ನೆ ಅಥವಾ ತುಟಿ ಊದುತ್ತದೆ. ಮೇಲ್ದವಡೆಯ ಹಿಂದಿನ ಹಲ್ಲಾಗಿದ್ದರೆ ಗಂಟಲಲ್ಲಿ, ಮೂಗಲ್ಲಿ ಕ್ಲೋರಿನ್ ವಾಸನೆ ಬಂತು ಎನ್ನಬಹುದು. ಸೈನಸ್‌ಗೆ ಹೋಗಿದೆ ಎಂದರ್ಥ.

ತಕ್ಷಣ ಸೂಜಿ ತೆಗೆಯಿರಿ. ಏನಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಭಯಕ್ಕೆ ಅರ್ಧ ಮದ್ದು ಅದೇ. ನೋವಿಗೆ ನರದ ಬ್ಲಾಕ್ ಕೊಡಿ. ರಕ್ತ ನಿಲ್ಲಿಸಲು ಹೋಗಬೇಡಿ, ಅದು ಹೈಪೋವನ್ನು ಹೊರಗೆ ತರುತ್ತದೆ. ಸಕ್ಷನ್ ಹಿಡಿದು, ಒತ್ತಡವಿಲ್ಲದೆ ಸಲೈನ್ ಬಿಟ್ಟು ತೊಳೆಯಿರಿ. ಸೋರುವುದು ನಿಲ್ಲುವ ತನಕ ಹಲ್ಲು ಮುಚ್ಚಬೇಡಿ. ಮೊದಲ ದಿನ ಹೊರಗಿಂದ ತಣ್ಣನೆಯ ಪಟ್ಟಿ, ಮರುದಿನದಿಂದ ಬೆಚ್ಚಗಿನದು. ನೋವಿನ ಮಾತ್ರೆ ಕೊಡಿ. ಆಂಟಿಬಯೋಟಿಕ್ ಬೇಕೋ ಬೇಡವೋ ಎಂದು ಸಂದರ್ಭ ನೋಡಿ. ಊತ ಕಣ್ಣಿನ ಕಡೆಗೋ ಗಂಟಲಿನ ಕಡೆಗೋ ಹೋಗುತ್ತಿದ್ದರೆ, ಉಸಿರಿಗೆ ತೊಂದರೆ ಆದರೆ ತಡ ಮಾಡದೆ ಆಸ್ಪತ್ರೆಗೆ. ಚರ್ಮ ನೇರಳೆ, ಆಮೇಲೆ ಹಸಿರು–ಹಳದಿ ಆಗಿ ಮಾಸಲು ವಾರಗಳು ಹಿಡಿಯುತ್ತವೆ. ಅದನ್ನೂ ಮೊದಲೇ ಹೇಳಿರಿ, ಕನ್ನಡಿ ನೋಡಿ ಗಾಬರಿಯಾಗದಿರಲಿ. ದಿನವೂ ಫೋನ್ ಮಾಡಿ, ಅವರೇ ಮಾಡಲಿ ಎಂದು ಕಾಯಬೇಡಿ.

ಕಣ್ಣಿಗೆ ಹಾರಿದರೆ ಬೇರೆಲ್ಲ ಬಿಟ್ಟು ನೀರು ಅಥವಾ ಸಲೈನ್‌ನಿಂದ ಕನಿಷ್ಠ 15 ನಿಮಿಷ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

'ಡಾಕ್ಟ್ರೇ, ಗಿಡಮೂಲಿಕೆದೇ ಹಾಕ್ತೀರಾ?'

ಹೀಗೆ ಕೇಳುವವರಿಗೆ ನಾನು ಇಲ್ಲ ಎನ್ನುವುದಿಲ್ಲ. ನಿಮ್ಮ ಹಲ್ಲೊಳಗೆ ಈಗಾಗಲೇ ಗಿಡಮರದ್ದು ಬೇಕಾದಷ್ಟಿದೆ ಎನ್ನುತ್ತೇನೆ. ನಾಳಕ್ಕೆ ತುಂಬುವ ಗಟ್ಟಾ ಪರ್ಚಾ ಆಗ್ನೇಯ ಏಷ್ಯಾದ ಮರವೊಂದರ ಹಾಲಿನಿಂದ ಬರುತ್ತದೆ. ನಾಳದ ಸಂದಿ ಮುಚ್ಚುವ ಹಲವು ಸೀಲರ್‌ಗಳಲ್ಲಿರುವ ಯೂಜಿನಾಲ್ ಲವಂಗದ ಎಣ್ಣೆಯದ್ದು. ಹಳೆಯ ಗಟ್ಟಾ ಪರ್ಚಾ ಕರಗಿಸಿ ತೆಗೆಯಲು ಕ್ಲೋರೋಫಾರ್ಮ್ ಬದಲು ನಾನು ಬಳಸುವುದು ಕಿತ್ತಳೆ ಸಿಪ್ಪೆಯ ಎಣ್ಣೆ, ಸ್ವಲ್ಪ ನಿಧಾನವಾದರೂ ಸರಿ. ತೊಳೆಯುವುದಕ್ಕೆ ಮಾತ್ರ ಹೈಪೋ. 'ಕ್ಲೋರಿನ್ ವಾಸನೆ ಬರುತ್ತೆ, ಬಾಯಿಗೆ ರುಚಿ ತಾಗಿದ್ರೆ ಕೈ ಎತ್ತಿ' ಎಂದು ಹೇಳಿ ಡ್ಯಾಮ್ ಹಾಕಲು ಶುರು ಮಾಡುತ್ತೇನೆ.